ಸಾವಂತ್ರೆವ್ವನ ಕೈಗೆ ಇಪ್ಪತ್ನಾಲ್ಕು ಹಾದಿ

ಮನುಷ್ಯನ ಮಣಿಕಟ್ಟಿನೊಳಗೆ ಒಂದು ಇಕ್ಕಟ್ಟಾದ ಓಣಿಯಿದೆ. ಬೆರಳುಗಳನ್ನು ಆಡಿಸುವ ಒಂಬತ್ತು ಸ್ನಾಯುಹಗ್ಗಗಳೂ ಒಂದು ನರವೂ ಆ ಓಣಿಯಲ್ಲೇ ಹಾದುಹೋಗಬೇಕು. ಕೆಳಗೆ ಎಲುಬಿನ ನೆಲ, ಮೇಲೆ ಗಟ್ಟಿ ಪಟ್ಟಿಯ ಛಾವಣಿ. ವರ್ಷಗಟ್ಟಲೆ ದುಡಿದ ಕೈಯಲ್ಲಿ ಹಗ್ಗಗಳ ಸುತ್ತ ಊತ ಬಂದರೆ, ಮುಂಜಾನೆಯ ಪ್ಯಾಸೆಂಜರ್ ಗಾಡಿಯ ಬಾಗಿಲಲ್ಲಿ ಒಂಬತ್ತು ಜನ ದಡಿಯರ ನಡುವೆ ಸಿಕ್ಕ ಬಡಕಲು ಮಾಸ್ತರನ ಹಾಗೆ ನರ ಅಪ್ಪಚ್ಚಿಯಾಗುತ್ತದೆ. ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿಯುತ್ತವೆ. ಉಂಗುರದ ಬೆರಳು ಅರ್ಧ ಜೋಮು, ಅರ್ಧ ಎಚ್ಚರ. ಕಿರುಬೆರಳಿಗೆ ಮಾತ್ರ ಏನೂ ಆಗುವುದಿಲ್ಲ, ಅದರ ನರ ಬೇರೆ ದಾರಿಯಿಂದ ಬರುತ್ತದೆ. ಮನೆಮಂದಿಯೆಲ್ಲ ಹಾಸಿಗೆ ಹಿಡಿದಾಗ ತಾನೊಬ್ಬ ಆರಾಮಾಗಿ ಓಡಾಡಿಕೊಂಡಿರುವ ಅಳಿಯನ ಹಾಗೆ.

ಇದಕ್ಕೆ ಮೊದಲು ಸ್ಟೀರಾಯ್ಡ್ ಚುಚ್ಚುತ್ತಿದ್ದರು. ಕೆಲವು ತಿಂಗಳು ಹಾಯೆನಿಸಿ ಮತ್ತೆ ಜೋಮು. ಆಮೇಲೆ ಸಕ್ಕರೆ ನೀರು ಚುಚ್ಚಿ, ಸುತ್ತಲೂ ಅಂಟಿಕೊಂಡದ್ದರಿಂದ ನರವನ್ನು ಬಿಡಿಸುವ ಪದ್ಧತಿ ಬಂತು. ಹುಬ್ಬಳ್ಳಿಯ ಒಂದು ಪ್ರಯೋಗಾಲಯದಲ್ಲಿ ಡಾಕ್ಟರ್ ಮಂದಾಕಿನಿ ದೇಸಾಯಿ ಮತ್ತು ಅವರ ಸಂಗಡಿಗರು ಏಳು ವರ್ಷ ಕೂತು ತಯಾರಿಸಿದ್ದು ಮೂರನೆಯ ಬಗೆ. ಅದರ ಹೆಸರು 'ಸರಾಗ'.

ಸರಾಗ ಒಂದು ಬಗೆಯ ಲೋಳೆ. ಚುಚ್ಚಿದ ಮೇಲೆ ನಲವತ್ತೆಂಟು ಗಂಟೆ ಅದು ಮೆತ್ತಗಿರುತ್ತದೆ. ಆ ಅವಧಿಯಲ್ಲಿ ಕೈ ಯಾವ ಚಲನೆಯನ್ನು ಇನ್ನೂರು ಸಲ ಮಾಡುತ್ತದೆಯೋ ಆ ಚಲನೆಗೆ ಲೋಳೆಯಲ್ಲಿ ಒಂದು ಹಾದಿ ಬೀಳುತ್ತದೆ. ಆಮೇಲೆ ಲೋಳೆ ರಬ್ಬರಿನಂತೆ ಗಟ್ಟಿಯಾಗುತ್ತದೆ. ಹಾದಿ ಇರುವ ಕೆಲಸವನ್ನು ಕೈ ಜನ್ಮವಿಡೀ ನೋವಿಲ್ಲದೆ ಮಾಡುತ್ತದೆ. ಹಾದಿ ಇಲ್ಲದ ಕೆಲಸಕ್ಕೆ ಕೈ ಹಾಕಿದರೆ ಪಕ್ಕದ ಹಾದಿಗೆ ಜಾರಿಬಿಡುತ್ತದೆ. ಒಂದು ಕೈಯಲ್ಲಿ ಹಿಡಿಸುವುದು ಇಪ್ಪತ್ನಾಲ್ಕು ಹಾದಿ ಮಾತ್ರ.

ಯಾವ ಇಪ್ಪತ್ನಾಲ್ಕು? ಅದಕ್ಕೆ ಪ್ರಯೋಗಾಲಯದವರು ಒಂದು ಪಟ್ಟಿ ಮಾಡಿದ್ದರು. ಕೀಲಿಮಣೆ ಒತ್ತುವುದು, ಮೌಸ್ ಹಿಡಿಯುವುದು, ಫೋನಿನ ಪರದೆ ಸರಿಸುವುದು, ಸ್ಟೀರಿಂಗ್ ತಿರುಗಿಸುವುದು, ಚಮಚೆಯಲ್ಲಿ ಉಣ್ಣುವುದು, ಹಲ್ಲುಜ್ಜುವುದು, ಕೈಕುಲುಕುವುದು, ಹೀಗೆ. ಪಟ್ಟಿ ಮಾಡಿದವರು ಆರು ಜನ. ಆರೂ ಜನ ಕಂಪ್ಯೂಟರಿನ ಮುಂದೆ ಕೂತು ಮಾಡಿದ್ದರು.

ಸಾವಂತ್ರೆವ್ವ ಗದಗಿನ ಒಂದು ರೊಟ್ಟಿ ಕೇಂದ್ರದಲ್ಲಿ ಜೋಳದ ರೊಟ್ಟಿ ಬಡಿಯುವವಳು. ವಯಸ್ಸು ನಲವತ್ತಾರು. ದಿನಕ್ಕೆ ಮುನ್ನೂರು ರೊಟ್ಟಿ. ಕೇಂದ್ರದಲ್ಲಿ ಒಂಬತ್ತು ಹೆಂಗಸರಿದ್ದರೂ ಹೊಸದಾಗಿ ಬಂದವರು ಸಾವಂತ್ರೆವ್ವನ ಬಡಿತದ ಸಪ್ಪಳ ಕೇಳಿಯೇ ಕೆಲಸ ಕಲಿಯುತ್ತಿದ್ದರು. ಆ ಸಪ್ಪಳ ವರ್ಷದಿಂದ ತಪ್ಪತೊಡಗಿತ್ತು. ಬಡಿಯುತ್ತ ಬಡಿಯುತ್ತ ಬೆರಳು ಜೋಮು ಹಿಡಿದು, ಅವಳು ನಡುವೆ ನಿಲ್ಲಿಸಿ ಕೈ ಕೊಡವುವಳು. ಕೇಂದ್ರದ ಅಧ್ಯಕ್ಷೆ ರೊಟ್ಟಿ ಒತ್ತುವ ಮಷೀನಿನ ಚಿತ್ರವಿದ್ದ ಕಾಗದವನ್ನು ಗೋಡೆಗೆ ಅಂಟಿಸಿ, "ಸುಮ್ನ ನೋಡಾಕ ಹಚ್ಚೇನಿ" ಅಂದಿದ್ದಳು. ಅದು ಸುಮ್ಮನೆ ಹಚ್ಚಿದ್ದಲ್ಲವೆಂದು ಒಂಬತ್ತೂ ಜನರಿಗೆ ಗೊತ್ತಿತ್ತು.

ಪಕ್ಕದ ಒಲೆಯ ಹಸೀನಾ ಅವಳನ್ನು ಎಳೆದುಕೊಂಡು ಹೋಗಿ ಬಲಗೈಗೆ ಸರಾಗ ಚುಚ್ಚಿಸಿದಳು. ದವಾಖಾನೆಯವರು ಚಲನೆಗಳ ವಿಡಿಯೋ ಇದ್ದ ಒಂದು ಟ್ಯಾಬ್ಲೆಟ್ ಕೊಟ್ಟು, "ಎರಡು ದಿನ ಇದರಾಗ ತೋರಿಸಿದ್ದು ಬಿಟ್ಟು ಈ ಕೈಲೆ ಬ್ಯಾರೆ ಏನೂ ಮಾಡಬ್ಯಾಡ್ರಿ" ಎಂದರು. ಬೇರೆ ಯಾರಾದರೂ ಆಗಿದ್ದರೆ ಕದ್ದುಮುಚ್ಚಿ ಒಂದಿಷ್ಟು ಹಿಟ್ಟು ನಾದುತ್ತಿದ್ದರು, ಬಚಾವಾಗುತ್ತಿದ್ದರು. ಆದರೆ ಸಾವಂತ್ರೆವ್ವ ಇಪ್ಪತ್ತೆರಡು ವರ್ಷ ಶ್ರಾವಣ ಸೋಮವಾರದ ಉಪವಾಸ ತಪ್ಪಿಸಿದವಳಲ್ಲ. ಡಾಕ್ಟರು ಹೇಳಿದ್ದನ್ನೂ ವ್ರತವೆಂದೇ ಹಿಡಿದಳು. ತಲೆ ಮೇಲೆ ಎರೆದುಕೊಂಡು, ಪೂರ್ವಕ್ಕೆ ಮುಖ ಮಾಡಿ ಚಾಪೆ ಹಾಸಿ ಕೂತಳು. ಬೋರಲು ಹಾಕಿದ ಮಣೆಯೇ ಕೀಲಿಮಣೆಯಾಯಿತು. ಒಂದು ದಪ್ಪ ಲಿಂಬೆಹಣ್ಣು ಮೌಸ್ ಆಯಿತು. ಹಿಟ್ಟಿನ ಜರಡಿ ಸ್ಟೀರಿಂಗ್ ಆಯಿತು.

ಊಟಕ್ಕೂ ಚಮಚೆ. ಅತ್ತೆ ನಿಂಬೆವ್ವನಿಗೆ ಅದು ಸರಿಬರಲಿಲ್ಲ.

"ಚಮಚೇಲೆ ಉಣ್ಣಾಕ ನೀ ಏನು ಪೇಷಂಟೇನ?"

"ಹೌದ್ರಿ ಅತ್ತಿ."

ನಿಂಬೆವ್ವ ತನ್ನ ತಾಟನ್ನು ಗೋಡೆಯ ಕಡೆ ತಿರುಗಿಸಿಕೊಂಡು ಉಂಡಳು.

ಕೈಕುಲುಕುವ ಅಭ್ಯಾಸಕ್ಕೆ ಗಂಡ ಫಕೀರಪ್ಪನೇ ಬೇಕಾಯಿತು. ಮದುವೆಯಾಗಿ ಇಪ್ಪತ್ನಾಲ್ಕು ವರ್ಷದಲ್ಲಿ ಮೊದಲ ಸಲ ಗಂಡಹೆಂಡತಿ ಇನ್ನೂರು ಸಲ ಕೈ ಕುಲುಕಿದರು. ಸೈಕಲ್ ಅಂಗಡಿಗೆ ತಡವಾಗಿ ಹೋದ ಫಕೀರಪ್ಪ, ಏನಾಯಿತೆಂದು ಕೇಳಿದ ಗಿರಾಕಿಗೆ ನಿಜ ಹೇಳಲು ಧೈರ್ಯ ಸಾಲದೆ ಜ್ವರವಿತ್ತು ಎಂದ.

ಮೂರನೆಯ ದಿನ ಸಾವಂತ್ರೆವ್ವ ಕೇಂದ್ರಕ್ಕೆ ಹೋದಳು. ನೋವಿಲ್ಲ, ಜೋಮಿಲ್ಲ. ಹಸೀನಾ ನಾದಿಟ್ಟ ಹಿಟ್ಟಿನ ಉಂಡೆ ಮುಂದಿಟ್ಟುಕೊಂಡು, ಕೈ ಎತ್ತಿ ಬಡಿದಳು. ಅಂಗೈ ಬೀಳಲಿಲ್ಲ. ಒಂದೊಂದೇ ಬೆರಳು, ಒಂದಾದ ಮೇಲೆ ಒಂದು, ಟಕಟಕಟಕ ಎಂದು ಬಿದ್ದವು. ಮತ್ತೆ ಎತ್ತಿದಳು, ಮತ್ತೆ ಟಕಟಕಟಕ. ರೊಟ್ಟಿ ಅಗಲವಾಗುವ ಬದಲು ತೂತು ತೂತಾಯಿತು, ಕೋಳಿ ಓಡಾಡಿದ ಅಂಗಳದ ಹಾಗೆ.

ಒಲೆಗಳ ಸಾಲು ಪೂರ್ತಿ ನಿಂತುಹೋಯಿತು. ಹಸೀನಾ ಬಗ್ಗಿ ನೋಡಿದಳು.

"ಅಕ್ಕಾ, ಇದು ರೊಟ್ಟಿ ಅಲ್ಲ. ಅರ್ಜಿ."

"ಏನಂದಿ?"

"ಟೈಪ್ ಮಾಡಿದಂಗೈತಿ. ತಹಶೀಲ್ದಾರಗ ಕೊಡು, ಸಿಕ್ಕಾ ಒತ್ತಿ ಕೊಡ್ತಾನ."

ಎಲ್ಲರೂ ನಕ್ಕರು. ಸಾವಂತ್ರೆವ್ವನೂ ನಕ್ಕಳು. ನಗುತ್ತಲೇ ಗೋಡೆಯ ಮೇಲಿನ ಮಷೀನಿನ ಚಿತ್ರ ನೋಡಿದಳು, ನಗು ನಿಂತಿತು.

ಅಂದಿನಿಂದ ಫಕೀರಪ್ಪನಿಗೂ ನಿದ್ದೆಯಿಲ್ಲ. ಮಲಗಿದ ಹೆಂಡತಿಯ ಕೈ ಬಂದು ಅವನ ಹೆಗಲನ್ನು ಹಿಡಿದುಕೊಳ್ಳುವುದು, ತೋರುಬೆರಳು ಟಿಕ್ ಟಿಕ್ ಎಂದು ಒತ್ತುತ್ತಲೇ ಇರುವುದು. "ಏನು ಹುಡುಕಾಕತ್ತೀಯ ನನ್ನ ಹೆಗಲಾಗ?" ಎಂದು ಕೇಳಿದರೆ ಅವಳಿಗೆ ಎಚ್ಚರವೇ ಇಲ್ಲ.

ಮರುವಾರ ಸಾವಂತ್ರೆವ್ವ ಆ ತೂತಿನ ರೊಟ್ಟಿಯನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು, ಹಸೀನಾಳ ಜತೆ ಹುಬ್ಬಳ್ಳಿಯ ಬಸ್ಸು ಹತ್ತಿದಳು. ಪ್ರಯೋಗಾಲಯದ ಗಾಜಿನ ಮೇಜಿನ ಮೇಲೆ ರೊಟ್ಟಿ ಇಟ್ಟಳು. ಮಂದಾಕಿನಿ ದೇಸಾಯಿ ಬಗ್ಗಿ ನೋಡಿದರು. ಜತೆಯ ಇಂಜಿನಿಯರ್ ಶಾನಭಾಗನೂ ಬಗ್ಗಿ ನೋಡಿದ.

"ನಿಮ್ಮ ಪಟ್ಟಿಯೊಳಗ ರೊಟ್ಟಿ ಎಲ್ಲೈತ್ರಿ, ಡಾಕ್ಟರ್‌ಬಾಯಾರ?"

ಮಂದಾಕಿನಿ ಪಟ್ಟಿಯನ್ನು ಮೇಲಿನಿಂದ ಕೆಳಗೆ ಓದಿದರು. ಬೇಕಿರಲಿಲ್ಲ, ಬರೆದವರು ಅವರೇ. "ಇಲ್ರಿ" ಅಂದರು.

"ನೀವು ರೊಟ್ಟಿ ಉಣ್ಣೂದಿಲ್ಲೇನ್ರಿ?"

"ದಿನಾ ಉಣ್ತೀವ್ರಿ."

"ಮತ್ತ ಅದು ಎಲ್ಲಿಂದ ಬರ್ತೈತಿ ಅನ್ಕೊಂಡೀರಿ?"

"ಕ್ಯಾಂಟೀನ್‌ದಿಂದ" ಎಂದು ಶಾನಭಾಗ ಪ್ರಾಮಾಣಿಕವಾಗಿ ಹೇಳಿದ. ಮಂದಾಕಿನಿ ಅವನ ಕಡೆ ನೋಡಿದ ನೋಟಕ್ಕೆ ಅವನು ಪರದೆಯ ಹಿಂದೆ ಸರಿದುಕೊಂಡ.

ದಾರಿಯೊಂದಿತ್ತು. ಇನ್ನೊಂದು ಇಂಜೆಕ್ಷನ್ನಿನಿಂದ ಗಟ್ಟಿಯಾದ ಲೋಳೆಯನ್ನು ಕರಗಿಸಿ, ಮತ್ತೆ ನಲವತ್ತೆಂಟು ಗಂಟೆ ಮೆತ್ತಗೆ ಮಾಡಬಹುದು. ಆದರೆ ಒಂದೇ ಸಲ. ಎರಡನೆಯ ಸಲ ಕರಗಿಸಲು ಹೋದರೆ ನರವೇ ಕೆಡುತ್ತದೆ.

"ಈ ಸಲ ನಮ್ಮ ಪಟ್ಟಿ ಬ್ಯಾಡ್ರಿ" ಎಂದರು ಮಂದಾಕಿನಿ. "ನಿಮ್ಮ ಕೈಗೆ ಏನು ಬೇಕು, ನೀವೇ ಬರಕೊಂಡು ಬರ್ರಿ. ಇಪ್ಪತ್ನಾಲ್ಕು. ನಾನೇ ಬಂದು ನಿಮ್ಮ ಮನ್ಯಾಗ ಕುಂದರ್ತೀನಿ."

ಪಟ್ಟಿ ಬರೆಯಲು ಕೂತವಳು ಒಂಬತ್ತನೆಯ ತರಗತಿಯ ಮಗಳು ಶಿವಲೀಲಾ. ಲೆಕ್ಕದ ನೋಟುಬುಕ್ಕಿನ ಹಿಂದಿನ ಹಾಳೆ ತೆರೆದು, ಗೆರೆ ಹಾಕಿ, ಅಂಕಿ ಹಾಕಿ, "ಹೇಳವ್ವಾ" ಎಂದಳು.

"ರೊಟ್ಟಿ ಬಡಿಯೂದು. ಹಿಟ್ಟು ನಾದೂದು. ಹಂಚಿನ ಮ್ಯಾಲೆ ರೊಟ್ಟಿ ತಿರುವೂದು. ನೀರಿನ ಅರಿವಿ ಸವರೂದು."

ನಾಲ್ಕು. ಅಲ್ಲಿಯವರೆಗೆ ಎಲ್ಲ ಸುಸೂತ್ರ. ಅಷ್ಟರಲ್ಲಿ ಮನೆಯ ಬೇರೆಯವರಿಗೂ ವಿಷಯ ಅರ್ಥವಾಯಿತು.

"ನನ್ನ ಜಡಿ" ಎಂದಳು ಶಿವಲೀಲಾ, ತಾನೇ ಬರೆದುಕೊಂಡು.

"ನನ್ನ ಕಾಲು ಒತ್ತೂದು" ಎಂದಳು ನಿಂಬೆವ್ವ ಹೊರಸಿನ ಮೇಲಿಂದ.

"ನನ್ನ ಬೆನ್ನು ಕೆರಿಯೂದು" ಎಂದ ಫಕೀರಪ್ಪ. "ತಂಬಾಕಕ್ಕ ಸುಣ್ಣ ತಿಕ್ಕೂದು. ಅಂಗಿ ಗುಂಡಿ ಹಚ್ಚೂದು. ಚಾ ಸೋಸೂದು."

"ಚಾ ಸೋಸಾಕ ನಿನಗ ಕೈ ಇಲ್ಲೇನೋ?" ಎಂದಳು ನಿಂಬೆವ್ವ.

"ನಿನಗ ಕಾಲು ಒತ್ತಕೊಳ್ಳಾಕ ಕೈ ಇಲ್ಲೇನ?" ಎಂದ ಮಗ.

ಓಣಿಯವರೂ ಬಂದರು. ಕಟ್ಟೆಯ ಮೇಲಿನ ಸಂಗವ್ವನಿಗೆ ಸಾವಂತ್ರೆವ್ವನ ಕೈಯ ಶಾವಿಗೆಯೇ ಬೇಕು. ಇನ್ನೊಬ್ಬಳಿಗೆ ಕೂಸಿಗೆ ಎಣ್ಣೆ ಹಚ್ಚಲು ಆ ಕೈಯೇ ಆಗಬೇಕು. ರಾತ್ರಿ ಊಟದ ಹೊತ್ತಿಗೆ ಪಟ್ಟಿ ನೂರಾ ಹನ್ನೆರಡಕ್ಕೆ ಮುಟ್ಟಿತ್ತು. ನೋಟುಬುಕ್ಕಿನ ಹಿಂದಿನಿಂದ ಹೊರಟ ಕೈಕೆಲಸ ಮುಂದಿನ ಬೀಜಗಣಿತಕ್ಕೆ ಬಂದು ತಾಗಿತ್ತು.

ಸಾವಂತ್ರೆವ್ವ ಪಟ್ಟಿಯನ್ನು ಒಂದು ಸಲ ಪೂರ್ತಿ ಕೇಳಿಸಿಕೊಂಡಳು. ತನ್ನ ಒಂದು ಕೈ ದಿನಾ ಇಷ್ಟೆಲ್ಲ ಮಾಡುತ್ತದೆಂದು ಅವಳಿಗೂ ಗೊತ್ತಿರಲಿಲ್ಲ. "ಪೆನ್ಸಿಲ್ ಕೊಡು" ಎಂದು ಮಗಳಿಂದ ಇಸಿದುಕೊಂಡು, ಬಿಡಬೇಕಾದವುಗಳ ಮೇಲೆ ಎಡಗೈಯಿಂದ ಸೊಟ್ಟಸೊಟ್ಟಗೆ ಗೆರೆ ಎಳೆಯತೊಡಗಿದಳು.

ಚುಚ್ಚಿದ ದಿನ ಸಂಜೆ ಆರಕ್ಕೆ ಗಡಿಯಾರ ಶುರುವಾಯಿತು. ಮಂದಾಕಿನಿ ಅಡಿಗೆಮನೆಯ ಮೂಲೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತರು. ಸಾವಂತ್ರೆವ್ವನ ಮಣಿಕಟ್ಟಿಗೆ ಒಂದು ಪಟ್ಟಿ, ಅದರಲ್ಲೊಂದು ಸಣ್ಣ ದೀಪ. ಹಾದಿ ಬಿದ್ದರೆ ಹಸಿರು.

ಮೊದಲ ಹಸಿರು ರೊಟ್ಟಿಗೇ ಬಂತು. ಅಂಗೈ ಪೂರ್ತಿಯಾಗಿ ತಪ್ ಎಂದು ಬಿದ್ದ ಸಪ್ಪಳ ಕೇಳಿ, ನೋಡಲು ಬಂದಿದ್ದ ಹಸೀನಾ ಕಣ್ಣೊರೆಸಿಕೊಂಡು, "ಒಲಿ ಹೊಗಿ" ಎಂದಳು. ಒಲೆ ಗ್ಯಾಸಿನದು.

ಆಮೇಲೆ ನಾದುವುದು, ತಿರುವುವುದು, ಸವರುವುದು. ಜಡೆ ಹಾಕುವುದು: ಮಗಳ ತಲೆಗೆ ಹತ್ತೊಂಬತ್ತು ಸಲ ಜಡೆ ಹಾಕಿ ಬಿಚ್ಚಿ, ಮರುದಿನ ಸಂಜೆಯ ಹೊತ್ತಿಗೆ ಶಿವಲೀಲಾ ತಲೆ ಮುಟ್ಟಿದರೆ ಕಿರುಚುವಂತಾದಳು. ಒಂದು ಸಲ ಸುತ್ತಿದರೆ ಮೂರು ಎಂದು ಎಣಿಸುವ ರಿಯಾಯಿತಿಗೆ ಮಂದಾಕಿನಿ ಒಪ್ಪಲಿಲ್ಲ. ಜಡೆಯ ಪ್ರತಿ ಸುತ್ತನ್ನೂ ಇನ್ನೂರರವರೆಗೆ ಮಣಿಕಟ್ಟಿನ ಪಟ್ಟಿಯೇ ಎಣಿಸುತ್ತಿತ್ತು. ಅರಿವೆ ಹಿಂಡುವುದು, ಕಸ ಹೊಡೆಯುವುದು, ಮೊಸರು ಕಡೆಯುವುದು, ದೇವರಿಗೆ ಊದುಬತ್ತಿ ಬೆಳಗುವುದು, ಸಹಿ ಮಾಡುವುದು, ಕೈಯಿಂದ ಉಣ್ಣುವುದು. ಮೂರನೆಯ ದಿನ ಮಧ್ಯಾಹ್ನ ನಾಲ್ಕಕ್ಕೆ ಇಪ್ಪತ್ಮೂರು ಹಸಿರಾದವು. ಉಳಿದದ್ದು ಒಂದೇ ಹಾದಿ, ಎರಡು ಗಂಟೆ. ಬೆನ್ನಿಗೋ ಕಾಲಿಗೋ ಎಂದು ತಾಯಿಮಗನ ನಡುವೆ ಮುಂಜಾನೆಯಿಂದ ಮಾತು ನಿಂತಿತ್ತು.

"ಬೆನ್ನಿಗೆ ಗ್ವಾಡಿ ಐತಿ, ಉಜ್ಜಿಕೊ" ಎಂದು ನಿಂಬೆವ್ವ ಹೊರಸಿಗೆ ಹೇಳುವವಳಂತೆ ಹೇಳಿದಳು.

ಆಗಲೇ ಮಂದಾಕಿನಿ ಪರದೆ ನೋಡಿ ಹುಬ್ಬುಗಂಟಿಕ್ಕಿದ್ದು. ಫೋನು ತೆಗೆದು ಪ್ರಯೋಗಾಲಯಕ್ಕೆ ಮಾಡಿದರು.

"ಶಾನಭಾಗ, ಕೆಲಸ ಮುಗಿದ ಮೇಲೆ ನರ ಎಲ್ಲಿ ಹೋಗಿ ನಿಲ್ಲಬೇಕು? ಇಲ್ಲಿ ನಿಲ್ಲೂ ಜಾಗಾನ ಕಾಣವಲ್ದು. ನಮ್ಮ ಹಳೇ ಪಟ್ಟಿಯೊಳಗ ವಿಶ್ರಾಂತಿ ಎಷ್ಟನೇದು?"

ಅತ್ತ ಹಾಳೆ ಮಗುಚಿದ ಸದ್ದು. "ವಿಶ್ರಾಂತಿ ಅಂತ ಬರದಿಲ್ಲ ಮೇಡಂ. ಮೌಸ್ ಹಿಡಕೊಂಡು ಕುಂದ್ರೂದೇ ನಮ್ಮ ವಿಶ್ರಾಂತಿ ಆಗಿತ್ತಲ್ಲ."

ಫಕೀರಪ್ಪ ತನ್ನ ಹೆಗಲನ್ನು ಮುಟ್ಟಿ ನೋಡಿಕೊಂಡ. ಈಗ ಅವನಿಗೆಲ್ಲ ತಿಳಿಯಿತು.

ಮಂದಾಕಿನಿ ಬಿಡಿಸಿ ಹೇಳಿದರು. ಸುಮ್ಮನಿರುವುದಕ್ಕೂ ಒಂದು ಹಾದಿ ಬೇಕು. ಅದಿಲ್ಲದಿದ್ದರೆ ಕೈ ಮಲಗಿದಾಗಲೂ ಏನಾದರೊಂದು ಮಾಡುತ್ತಲೇ ಇರುತ್ತದೆ. ಹಾಗೆ ದುಡಿದರೆ ಆರು ತಿಂಗಳಲ್ಲಿ ಮತ್ತೆ ಊತ, ಮತ್ತೆ ಜೋಮು. ಇನ್ನು ಕರಗಿಸುವಂತಿಲ್ಲ. ರೊಟ್ಟಿಯೂ ಹೋಗುತ್ತದೆ, ಉಳಿದ ಇಪ್ಪತ್ತೆರಡೂ ಹೋಗುತ್ತವೆ.

"ಅಷ್ಟ ಏನ್ರಿ?" ಎಂದಳು ಸಾವಂತ್ರೆವ್ವ. "ಸುಮ್ನ ಕುಂದ್ರೂದಲ್ಲ? ಇದನ್ನೂ ಇನ್ನೂರು ಸಲ ಮಾಡ್ಲೇನು?"

"ಇದು ಒಂದ ಸಲ. ಆದರ ನಲವತ್ತು ನಿಮಿಷ ಅಲುಗಬಾರದು. ಅಲುಗಿದರ ಮೊದಲಿಂದ."

"ನಿದ್ದಿ ಮಾಡಿದ್ದು ನಡಿಯೂದಿಲ್ಲೇನ್ರಿ?"

"ನಿದ್ದ್ಯಾಗ ನೀವು ಮುಷ್ಟಿ ಹಿಡೀತೀರಿ. ಕಟ್ಟಿ ಕೂಡಿಸಿದರ ಕಟ್ಟಿಸಿಕೊಂಡದ್ದನ್ನ ಕಲೀತೈತಿ. ಎಚ್ಚರಿದ್ದು, ತಾನಾಗಿ ಸುಮ್ಮನಿರಬೇಕು."

ಇಪ್ಪತ್ಮೂರು ಕೆಲಸಗಳನ್ನು ಕೈಗೆ ಕಲಿಸಿದವಳಿಗೆ ಇದೊಂದು ಯಾವ ಲೆಕ್ಕ ಎಂದು ಎಲ್ಲರೂ ಅಂದುಕೊಂಡರು. ಸಾವಂತ್ರೆವ್ವ ಗೋಡೆಗೆ ಒರಗಿ, ಬಲಗೈಯನ್ನು ಅಂಗೈ ಮೇಲಾಗಿ ತೊಡೆಯ ಮೇಲೆ ಇಟ್ಟುಕೊಂಡಳು.

ಒಂಬತ್ತನೆಯ ನಿಮಿಷಕ್ಕೆ ನಿಂಬೆವ್ವ, "ನನ್ನ ಚಾಳೀಸು ಎಲ್ಲೈತಿ?" ಎಂದಳು. ಸಾವಂತ್ರೆವ್ವನ ಕೈ ತಾನೇ ಎದ್ದು ಕಿಟಕಿಯ ಕಡೆ ತೋರಿಸಿತು. ದೀಪ ಕೆಂಪಾಯಿತು.

"ಅತ್ತೀ!"

"ನಾ ನಿನಗ ಕೇಳಿಲ್ಲವಾ, ಸುಮ್ನ ಅಂದೆ."

ಎರಡನೆಯ ಸಲ ಎಲ್ಲ ಚೆನ್ನಾಗಿ ನಡೆಯಿತು. ಒಂದು ನೊಣ ಬಂದು ಕಿರುಬೆರಳ ಮೇಲೆ ಕೂತು, ಅಡ್ಡಾಡಿ, ಬೇಜಾರಾಗಿ ಎದ್ದು ಹೋಯಿತು. ಮೂವತ್ತೊಂದನೆಯ ನಿಮಿಷಕ್ಕೆ ಬಾಗಿಲಲ್ಲಿ ಸಂಗವ್ವ ಬಟ್ಟಲು ಹಿಡಿದು ನಿಂತಿದ್ದಳು.

"ಸಾವಂತ್ರೆಕ್ಕಾ, ಒಂದೀಟು ಹೆಪ್ಪು ಕೊಡವಾ."

ಕೈ ಚಾಚಿ ಬಟ್ಟಲು ಇಸಿದುಕೊಂಡಾಗಿತ್ತು. ಕೆಂಪು.

ಗಂಟೆ ಐದೂ ಹದಿನಾಲ್ಕು. ಇನ್ನುಳಿದದ್ದು ನಲವತ್ತಾರು ನಿಮಿಷ, ಒಂದೇ ಸಲಕ್ಕೆ ಸಾಕಾಗುವಷ್ಟು. ಸಾವಂತ್ರೆವ್ವನ ಮುಖ ಈಗ ಬಿಳಿಚಿಕೊಂಡಿತ್ತು. "ಬಾಯಾರ, ಉಳಿದದ್ದು ಎಲ್ಲಾ ಬರ್ತೈತಿ ಇದಕ್ಕ. ಇದೊಂದ ಬರವಲ್ದಲ್ರಿ" ಎಂದಳು. ಮಂದಾಕಿನಿಗೂ ಅದು ಬರುತ್ತಿರಲಿಲ್ಲ.

ಶಿವಲೀಲಾ ಎದ್ದು ಬಾಗಿಲಿಗೆ ಅಗಳಿ ಹಾಕಿದಳು. ಅಜ್ಜಿಯ ಚಾಳೀಸನ್ನು ಅಜ್ಜಿಯ ಮೂಗಿನ ಮೇಲೆ ಏರಿಸಿದಳು. ಅಪ್ಪನ ಫೋನನ್ನು ಜೋಳದ ಡಬ್ಬಿಯೊಳಗೆ ಹುಗಿದಳು. "ಇನ್ನ ಯಾರರ ಅವ್ವನ್ನ ಕರದ್ರ ನೋಡ್ರಿ" ಎಂದು ಬೆರಳೆತ್ತಿ ತೋರಿಸಿದ್ದು ಡಾಕ್ಟರಿಗೂ ಸೇರಿಯೇ ಇತ್ತು.

ಹತ್ತು ನಿಮಿಷ. ಇಪ್ಪತ್ತು. ಮನೆಯೊಳಗೆ ಇಷ್ಟು ಸದ್ದಿಲ್ಲದ ಹೊತ್ತು ಯಾವತ್ತೂ ಇರಲಿಲ್ಲ. ಮೂವತ್ತು. ನಿಂಬೆವ್ವನಿಗೆ ಕೆಮ್ಮು ಬಂತು, ಸೆರಗು ತುರುಕಿಕೊಂಡು ನುಂಗಿದಳು.

ಮೂವತ್ತಾರನೆಯ ನಿಮಿಷಕ್ಕೆ ಒಲೆಯ ಕಡೆಯಿಂದ ಸುಯ್ ಎಂಬ ಸದ್ದು ಬಂತು. ಚಹಾದ ಆಸೆಗೆ ಫಕೀರಪ್ಪ ಮೆಲ್ಲಗೆ ಹಾಲಿಟ್ಟು, ಮೆಲ್ಲಗೆ ಮರೆತಿದ್ದ. ಹಾಲು ಪಾತ್ರೆಯ ಅಂಚಿಗೆ ಬಂದು ಗುಮ್ಮಟದ ಹಾಗೆ ನಿಂತಿತ್ತು.

ಹಾಲು ಉಕ್ಕಿದರೆ ಆ ಮನೆಯಲ್ಲಿ ಯಾರೂ ಹಾಲಿನ ಕಡೆ ನೋಡುವುದಿಲ್ಲ, ಸಾವಂತ್ರೆವ್ವನ ಕಡೆ ನೋಡುತ್ತಾರೆ. ಮೂವರೂ ನೋಡಿದರು. ಎರಡು ದಿನದಲ್ಲಿ ಆ ಮನೆಯ ಅಭ್ಯಾಸ ಹತ್ತಿಸಿಕೊಂಡಿದ್ದ ಮಂದಾಕಿನಿಯೂ ನೋಡಿದರು. ತೊಡೆಯ ಮೇಲಿನ ಕೈಯಲ್ಲಿ ಹೆಬ್ಬೆರಳಿನ ಬುಡ ಸಣ್ಣಗೆ ಹಾರಿತು. ದೀಪ ಮಿನುಗಿತು, ಆದರೆ ಕೆಂಪಾಗಲಿಲ್ಲ. ಸಾವಂತ್ರೆವ್ವ ಉಸಿರು ಬಿಗಿಹಿಡಿದು, ಕತ್ತು ಕೂಡ ಹೊರಳಿಸದೆ, ಕಣ್ಣುಗಳನ್ನು ಮಾತ್ರ ಗಂಡನ ಮೇಲೆ ನಿಲ್ಲಿಸಿದಳು.

ಫಕೀರಪ್ಪ ಎದ್ದ. ಓಡಿಹೋಗಿ ಎರಡೂ ಕೈಯಿಂದ ಪಾತ್ರೆ ಹಿಡಿದ. "ಯಪ್ಪಾ! ಸತ್ತೆ!" ಎಂದು ಬಿಟ್ಟ. ಮತ್ತೆ ಅಂಗಿಯ ತುದಿಯಿಂದ ಹಿಡಿದ, ಅಂಗಿಯ ಗುಂಡಿ ಎರಡು ಕಿತ್ತುಹೋದವು. ಹಾಲು ಅರ್ಧ ಪಾತ್ರೆಯಲ್ಲಿ, ಅರ್ಧ ಒಲೆಯ ಮೇಲೆ, ಉಳಿದದ್ದು ಅವನ ಕಾಲ ಮೇಲೆ. ಒಂಟಿಗಾಲಲ್ಲಿ ಕುಣಿಯುತ್ತ ಗ್ಯಾಸಿನ ಗುಂಡಿ ಹುಡುಕಿದ. ಬಲಕ್ಕೆ ತಿರುಗಿಸಬೇಕೋ ಎಡಕ್ಕೋ ಗೊತ್ತಾಗದೆ ಎರಡೂ ಕಡೆ ತಿರುಗಿಸಿ ಕೊನೆಗೆ ಆರಿಸಿದ.

"ಹುಟ್ಟಿದಾಗಿಂದ ಹಾಲ ಕಂಡಿಲ್ಲೇನೋ!" ಎಂದು ನಿಂಬೆವ್ವ ಕೂಗಿದಳು.

ನಲವತ್ತು. ದೀಪ ಹಸಿರಾಯಿತು.

ಶಿವಲೀಲಾ ಚಪ್ಪಾಳೆ ತಟ್ಟಿ ಕುಣಿದಳು. ಮಂದಾಕಿನಿ ಕಣ್ಣು ಮುಚ್ಚಿ ದೊಡ್ಡದಾಗಿ ಉಸಿರು ಬಿಟ್ಟರು. "ಆತ್ರಿ ಸಾವಂತ್ರೆವ್ವಾರ. ಇಪ್ಪತ್ನಾಲ್ಕೂ ಆತು. ಇನ್ನ ಕೈ ಎತ್ತಬಹುದು."

"ನೋಡಿದೆನ್ರಿ."

ಕೈ ಅಲ್ಲೇ ಇತ್ತು. ಅಂಗೈ ಮೇಲಾಗಿ, ಬೆರಳು ಅರ್ಧ ಮಡಚಿ.

"ನೋವೇನ್ರಿ?" ಎಂದು ಮಂದಾಕಿನಿ ಗಾಬರಿಯಿಂದ ಮುಂದೆ ಬಾಗಿದರು.

"ಇಲ್ರಿ." ಸಾವಂತ್ರೆವ್ವ ತನ್ನ ಕೈಯನ್ನು ಯಾರದೋ ಕೂಸನ್ನು ನೋಡುವ ಹಾಗೆ ನೋಡುತ್ತಿದ್ದಳು. "ನಲವತ್ತಾರು ವರ್ಷಕ್ಕ ಇವತ್ತ ಕುಂತೈತ್ರಿ. ಎಬ್ಬಸಾಕ ಮನಸಾಗವಲ್ದು."

ಒಲೆಯ ಹತ್ತಿರ ಫಕೀರಪ್ಪ ಉಳಿದ ಹಾಲಿಗೆ ಚಹಾಪುಡಿ ಸುರಿದು, ಮೂರು ಡಬ್ಬಿಗಳ ಮುಚ್ಚಳ ತೆಗೆದು ಮೂಸಿ ನೋಡಿ, ಸೋತು ಕೂಗಿದ: "ಏ ಸಾವಂತ್ರಿ, ಸಕ್ಕರಿ ಎಲ್ಲೈತಿ?"

ನಾಲ್ಕು ಜೊತೆ ಕಣ್ಣು ಒಟ್ಟಿಗೇ ತೊಡೆಯ ಮೇಲಿನ ಕೈಗೆ ಬಿದ್ದವು. ಕೈ ಅಲುಗಲಿಲ್ಲ.

"ಹುಡುಕ್ರಿ" ಎಂದಳು ಸಾವಂತ್ರೆವ್ವ.